ಅಲುಗಾಡಿದವನು

ಸಂಶಿ
14 ನವೆಂಬರ್ 1983

ಇಮಾಮಹುಸೇನ,

...ಗಾಜಿಗೆ ನಾಲಿಗೆಯ ತುದಿ ತಾಗಿಸಿ ನೋಡು, ಅಂಟಿದರೆ ಅದೇ ಮಸಿಯ ಬದಿ ಎಂದು ನೀನು ಹೇಳಿದ್ದು ನೆನಪಿದೆ. ಅದರ ಬೆನ್ನಿಗೇ ನೀನು ಇನ್ನೊಂದು ಮಾತನ್ನೂ ಹೇಳಿದ್ದೆ. ಅಷ್ಟರಲ್ಲಿ ಚಹಾ ಬಂತು, ನಾನು ಬಸಿಯ ಕಡೆ ನೋಡಿದೆ, ಮಾತು ತಪ್ಪಿಹೋಯಿತು. ನಾಲ್ಕು ವರ್ಷದ ಮೇಲೆ ಆ ಅರ್ಧ ಮಾತು ಬೇಕಾಗಿದೆ. ಚಿತ್ರ ಇಳಿಸುವಾಗ ಮಸಿಯ ಬದಿ ಕಾಗದಕ್ಕೆ ಹೇಗಿರಬೇಕು ಎಂಬುದರ ಬಗ್ಗೆ ಇದ್ದಿರಬೇಕು ಅದು.

ಯಾಕೆ ಕೇಳುತ್ತಿದ್ದೇನೆಂದರೆ, ಒಂದು ಪ್ಲೇಟು ಸಿಕ್ಕಿದೆ. ಗಾಜಿನ ನೆಗೆಟಿವ್, ಪೂರಾ ಅಳತೆಯದು. ಕಪ್ಪತಗುಡ್ಡದ್ದೇ, ಅನುಮಾನವಿಲ್ಲ. ಗುಡ್ಡದಲ್ಲಿ ಚಿನ್ನ ಇದೆ ಎಂದು ಪರದೇಶದ ಕಂಪನಿಗಳು ಬಂದು, ನಮ್ಮ ಅಜ್ಜಂದಿರ ಕೈಯಿಂದ ತೂತು ಕೊರೆಸಿ, ಐದಾರು ವರ್ಷದಲ್ಲಿ ಎದ್ದುಹೋದರಲ್ಲ, ಆ ಕಾಲದ್ದು. ಅಣ್ಣಿಗೇರಿಯ ಕುಬೇರಪ್ಪನವರ ಅರಳೆ ಅಂಗಡಿಯಲ್ಲಿ ಎರಡು ಕೋಣೆಗಳ ನಡುವಿನ ಬೆಳಕಿಂಡಿಗೆ ಕೂರಿಸಿದ್ದರು. ಮಳೆ ತಾಗದ ಜಾಗ, ಅದಕ್ಕೇ ಉಳಿದಿದೆ. ಆಚೆ ಕೋಣೆಯಲ್ಲಿ ಯಾರೋ ದೀಪ ಹಚ್ಚಿದರು. ಗಾಜಿನಲ್ಲಿ ಎಂಟು ಜನ ಬಿಳೀ ಮುಖದವರು, ಕಪ್ಪು ಧೋತರ ಉಟ್ಟವರು, ಎದ್ದು ನಿಂತರು. ನಾನು ಬಂದ ಕೆಲಸ ಮರೆತೆ.

ಹೊಸ ಗಾಜು ತಂದು ಕೂರಿಸಿ ಹಳೆಯದನ್ನು ಬಿಚ್ಚಿಕೊಂಡೆ. ಕುಬೇರಪ್ಪನವರು, “ಹೊಲಸು ಗಾಜು ತಗೊಂಡು ಚಲೋ ಗಾಜು ಹಾಕಸ್ತೀರಲ್ಲ ಮಾಸ್ತರ, ಮನ್ಯಾಗ ಹೇಳಿ ಬಂದೀರಿಲ್ಲೋ?” ಎಂದರು.

ನಿನ್ನ ಫೋಟೋ ಅಂಗಡಿಯಲ್ಲಿ ನಾನು ಇಟ್ಟಿದ್ದ ಎಂಟು ಪ್ಲೇಟುಗಳ ವಿಷಯ ಇಲ್ಲಿ ಎತ್ತುವುದಿಲ್ಲ. ಇದು ಬೇರೆ ಪ್ಲೇಟು, ಬೇರೆ ಪತ್ರ. ಕೇಳಿದ್ದಕ್ಕೆ ಮಾತ್ರ ಉತ್ತರ ಬರೆದರೆ ಸಾಕು.

ಮಡಿವಾಳೆಪ್ಪ


ದೇವಿಕೊಪ್ಪ, ತಾಲೂಕು ಕಲಘಟಗಿ
2 ಡಿಸೆಂಬರ್ 1983

ಸಂಶಿ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರಾದ ಮಡಿವಾಳೆಪ್ಪನವರಿಗೆ ದೇವಿಕೊಪ್ಪದ ದುರ್ಗವ್ವ ಮಾಡುವ ಶರಣು.

(ಬರೆಯುವವನು ನಾನು ತಿರಕಪ್ಪ, ಇಲ್ಲಿಯ ಪೋಸ್ಟ್‌ಮನ್. ಅವ್ವ ಹೇಳಿದ್ದನ್ನು ಹೇಳಿದಂತೆ ಬರೆಯಬೇಕೆಂದು ತಾಕೀತು ಆಗಿದೆ.)

ಚಿನ್ನದ ಗುಡ್ಡದಾಗ ಕೆಲಸಾ ಮಾಡಿದವರ ಹಳೇ ಫೋಟೋ ಇದ್ರ ತಿಳಸ್ರಿ ಅಂತ ನೀವು ಪೇಪರಿನ್ಯಾಗ ಹಾಕಿದ್ದು ತಿರಕಪ್ಪ ಓದಿ ಹೇಳಿದ. ನನ್ನ ಕಡೆ ಫೋಟೋ ಇಲ್ಲ. ನಿಮ್ಮ ಕಡೆ ಐತೇನು ಅಂತ ಕೇಳಾಕ ಬರಸಾಕತ್ತೀನಿ.

ನಮ್ಮಪ್ಪನ ಹೆಸರು ಭರಮಪ್ಪ. ಅಣ್ಣಿಗೇರಿಯಾಂವ. ಗುಡ್ಡಕ್ಕ ಸುತಗಿ ಹೊಡಿಯಾಕ ಹೋದ. ಆವಾಗ ನಾ ನಮ್ಮವ್ವ ಮೈಲಾರವ್ವನ ಹೊಟ್ಟ್ಯಾಗಿದ್ದೆ. ನಾ ಅವನ ಮಾರಿ ಕಂಡಿಲ್ಲ. ಕಂಪನಿ ಮುಚ್ಚಿದ ಮ್ಯಾಲ ಹೋದವರೆಲ್ಲಾ ಬಂದರು, ಅವ ಬರಲಿಲ್ಲ.

ಅವ್ವ ಒಮ್ಮೆ ನೋಡಾಕ ಹೋಗಿದ್ದಳಂತ. ರೊಟ್ಟಿ ಗಂಟು ಕಟಗೊಂಡು ಎರಡು ದಿನ ನಡದು. ಅವತ್ತ ಯಾರನ್ನೂ ಬೇಲಿ ಒಳಗ ಬಿಡಲಿಲ್ಲ. ಮೂರು ಕಾಲಿನ ಪೆಟಿಗಿಗೆ ಕರೀ ಅರಿವಿ ಹೊಚ್ಚಿ ಒಬ್ಬಾಂವ ಒಳಗ ತಲೀ ಹಾಕಿದ್ದನಂತ. ಪೆಟಿಗಿ ಮುಂದ ನಮ್ಮ ಮಂದಿನ್ನ ಕಲ್ಲಿನಂಗ ನಿಂದ್ರಿಸಿದ್ದರಂತ. ಅವ್ವ ಬೇಲಿ ಬಾಜೂಕ ಹುಣಸೀಗಿಡದ ಕೆಳಗ ನಿಂತು ಕೂಗಿದಳು. ಗಂಡನ ಹೆಸರ ಹೆಂಗ ಹೇಳತಾಳ? “ಇಲ್ಲೆ ನೋಡ್ರಿ” ಅಂತ ಕೂಗಿದಳು. ಒಂದ ಸಲ. ಕಾವಲಿನಾಂವ ಬಂದು ತೋಳು ಹಿಡದು ದಬ್ಬಿಬಿಟ್ಟ. ಅಷ್ಟೊತ್ತನಕಾ ಅವ ನೋಡಲಿಲ್ಲಂತ.

ಸಾಯೂತನಕಾ ಅದನ್ನ ಹೇಳತಿದ್ದಳು. ಹೆಸರ ಹಿಡದು ಕೂಗಿದ್ರ ನೋಡತಿದ್ದ ಅಂತ. ನಾ ಅಂತಿದ್ದೆ, ನೋಡಬಾರದು ಅಂತ ನಿಂತಾಂವ ಹೆಸರ ಹೇಳಿದ್ರೂ ನೋಡತಿರಲಿಲ್ಲ ಬೇ. ಊರಾಗ ಸುದ್ದಾ ಹಂಗ ಅಂತಿದ್ದರು. ಅಲ್ಲೆ ಯಾವಾಕಿನ್ನೋ ಇಟಗೊಂಡಾನ, ಅದಕ್ಕ ನೋಡಲಿಲ್ಲ ಅಂತ.

ನನಗ ಈಗ ಎಪ್ಪತ್ತೈದು. ಎಡಗಣ್ಣು ಹೋತು. ಬಲಗಣ್ಣಿಗೆ ಪೊರೆ ಬಲಿತೈತಿ, ಮೂಗಿನ ಹಂತ್ಯಾಕ ಹಿಡದ್ರ ಕಾಣತೈತಿ. ಬ್ಯಾಸಗಿತನಕಾ ತಡೀತೈತೋ ಇಲ್ಲೋ. ಹೆಂಡತಿ ಕೂಗಿದ್ರೂ ಹೊಳ್ಳಿ ನೋಡದ ಮಾರಿ ಹೆಂಗಿರತೈತಿ ಅಂತ ಒಮ್ಮೆ ನೋಡಬೇಕು ನನಗ. ಅಷ್ಟ.

ಗುರುತು ಕೇಳಿದ್ರ, ಅವ ಎಡಚ. ಉಣ್ಣೂದು ಬಲಗೈಲೆ, ಸುತಗಿ ಎಡಗೈಲೆ. ಉಳಿ ಹಿಡಿಯಾವರು ಅವನ ಮುಂದ ಕೂಡಾಕ ಅಂಜತಿದ್ದರಂತ, ಏಟು ಯಾ ಕಡಿಂದ ಬರತೈತಿ ಅಂತ ತಿಳೀದ.

(ಮಾಸ್ತರರೇ, ಇದ್ದರೆ ಲಗೂನ ಕಳಿಸಿರಿ. ಅವ್ವ ದಿನಾ ನನ್ನ ಸೈಕಲ್ ನಿಲ್ಲಿಸುತ್ತಾಳೆ, ನನ್ನ ಟಪಾಲು ತಡವಾಗುತ್ತಿದೆ. — ತಿ.)

ದುರ್ಗವ್ವ
ಎಡಗೈ ಹೆಬ್ಬೆಟ್ಟಿನ ಗುರುತು


ಸಂಶಿ
21 ಡಿಸೆಂಬರ್ 1983

ದುರ್ಗವ್ವನವರಿಗೆ,

ನಿಮ್ಮ ಪತ್ರ ತಲುಪಿತು. ಉತ್ತರ ತಡವಾದದ್ದಕ್ಕೆ ಕಾರಣವಿದೆ. ನನ್ನ ಬಳಿ ಒಂದು ಗಾಜಿನ ಫೋಟೋ ಇತ್ತು. ಆಗಿನ ಕಾಲದಲ್ಲಿ ಗಾಜಿಗೆ ಮಸಿ ಬಳಿದು ಅದರ ಮೇಲೇ ಚಿತ್ರ ಹಿಡಿಯುತ್ತಿದ್ದರು. ಕಪ್ಪು ಬಿಳಿ ಅದಲುಬದಲಾಗಿರುತ್ತದೆ. ಕಾಗದದ ಮೇಲೆ ಇಳಿಸಿದ ಮೇಲೆಯೇ ಮುಖ ತಿಳಿಯುವುದು. ತಿಳಿದವರೊಬ್ಬರಿಗೆ ಬರೆದಿದ್ದೆ, ಉತ್ತರ ಬರಲಿಲ್ಲ. ಕೊನೆಗೆ ಹುಬ್ಬಳ್ಳಿಯಿಂದ ಕಾಗದ ತಂದು, ಶಾಲೆಯ ಸಾಮಾನಿನ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ, ನಾನೇ ಇಳಿಸಿದೆ.

ಚಿತ್ರದಲ್ಲಿ ಎಂಟು ಜನ ಕೆಲಸದವರಿದ್ದಾರೆ. ಗಣಿಯ ಬಾಯಿ, ಅದರ ಮೇಲೆ ದಪ್ಪ ತೊಲೆಗಳ ಚೌಕಟ್ಟು, ಕಲ್ಲು ಸಾಗಿಸುವ ಒಂದು ಡಬ್ಬಿಗಾಡಿ. ಗಾಡಿಯ ಅಂಚಿಗೆ ಕೋಟು ಹಾಕಿದ ಸಾಹೇಬನೊಬ್ಬ ಒರಗಿದ್ದಾನೆ. ನಾಲ್ವರ ತಲೆಯ ಮೇಲೆ ಬುಟ್ಟಿಗಳಿವೆ. ಇಬ್ಬರು ಗಾಡಿಗೆ ಕೈ ಕೊಟ್ಟಿದ್ದಾರೆ. ಒಬ್ಬ ಎರಡೂ ಕೈಯಿಂದ ಉಳಿ ಹಿಡಿದು ಕೂತಿದ್ದಾನೆ. ಸುತ್ತಿಗೆ ಇರುವುದು ಒಬ್ಬನ ಕೈಯಲ್ಲಿ ಮಾತ್ರ, ಅಂಚಿಗೆ ನಿಂತವನ ಕೈಯಲ್ಲಿ. ಅವನು ಹಿಡಿದಿರುವುದು ಬಲಗೈಯಲ್ಲಿ.

ನಾನು ಭೂತಗನ್ನಡಿ ಇಟ್ಟು ನೋಡಿದೆ. ಬಲಗೈಯೇ. ಮೇಲಾಗಿ ಅವನ ಮುಖ ಕೆಟ್ಟುಹೋಗಿದೆ. ಚಿತ್ರ ಹಿಡಿಯುವಾಗ ಮೂರ್ನಾಲ್ಕು ಎಣಿಸುವಷ್ಟು ಹೊತ್ತು ಅಲುಗಾಡದೆ ನಿಲ್ಲಬೇಕಿತ್ತು, ಇವನು ಅಲುಗಾಡಿದ್ದಾನೆ. ಅದಕ್ಕೇ ಇದನ್ನು ನಿಮಗೆ ಕಳಿಸುತ್ತಿಲ್ಲ. ನಿಮ್ಮ ತಂದೆಯಲ್ಲದವನ, ಮುಖವೂ ಇಲ್ಲದ ಚಿತ್ರವನ್ನು ಕಳಿಸಿ ನಿಮ್ಮ ಕಣ್ಣಿಗೆ ಕೆಲಸ ಕೊಡುವುದು ಸರಿಯಲ್ಲ.

ಹತ್ತು ವರ್ಷದಿಂದ ಈ ಚಿತ್ರಗಳನ್ನು ಕೂಡಿಸುತ್ತಿದ್ದೇನೆ. ಕಾಗದದ ಮೇಲಿನವು ಹನ್ನೊಂದು ಇವೆ. ಎಲ್ಲವನ್ನೂ ಮತ್ತೆ ತೆಗೆದು ನೋಡಿದೆ, ಯಾವುದರಲ್ಲೂ ಎಡಚ ಇಲ್ಲ. ಇವೆಲ್ಲ ಕೆಲಸದ ಚಿತ್ರಗಳೆಂದು ಹೆಸರು. ನಿಜವಾಗಿ ನೋಡಿದರೆ ಒಂದರಲ್ಲೂ ಯಾರೂ ಕೆಲಸ ಮಾಡುತ್ತಿಲ್ಲ. ಕೆಲಸ ಮಾಡುವವರಂತೆ ಉಸಿರು ಹಿಡಿದು ನಿಂತಿದ್ದಾರೆ. ನಿಮ್ಮ ತಾಯಿ ಕಂಡದ್ದು ಅಂಥದೇ ಒಂದು ಗಳಿಗೆ. ಆಗ ಕದಲದೆ ನಿಂತವನನ್ನು ಕಲ್ಲುಮನಸ್ಸಿನವನೆಂದು ತಿಳಿಯಬೇಕಾಗಿಲ್ಲ. ನಿಲ್ಲಬೇಕೆಂದು ಅವನಿಗೆ ಅಪ್ಪಣೆಯಾಗಿತ್ತು.

ಹುಡುಕುವುದನ್ನು ಬಿಡುವುದಿಲ್ಲ.

ಮಡಿವಾಳೆಪ್ಪ


ಸಂಶಿ
9 ಜನವರಿ 1984

ಇಮಾಮಹುಸೇನ,

ನೀನು ಬರೆಯಲಿಲ್ಲ. ಬರೆಯದಿರುವುದೂ ಒಂದು ಉತ್ತರ ಎಂದುಕೊಂಡು ಸುಮ್ಮನಿರಬಹುದಿತ್ತು. ಆದರೆ ಪ್ರಿಂಟು ಮಾಡಿದ ಮೇಲೆ ಯಾರಿಗಾದರೂ ತೋರಿಸಬೇಕೆನಿಸಿತು. ಈ ಊರಿನಲ್ಲಿ ತೋರಿಸಿದರೆ, “ಇವರೊಳಗ ನಿಮ್ಮವರು ಯಾರ್ರಿ?” ಎಂದು ಕೇಳುತ್ತಾರೆ. ಯಾರೂ ಅಲ್ಲ ಎಂದರೆ ಮುಖ ನೋಡುತ್ತಾರೆ.

ಒಂದು ಪ್ರತಿ ಇದರ ಜೊತೆ ಇದೆ. ಸ್ವಲ್ಪ ಮಂಜುಮಂಜಾಗಿ ಬಂದಿದೆ, ಯಾಕೋ ತಿಳಿಯಲಿಲ್ಲ. ದೋಷ ಹುಡುಕು, ಹುಡುಕಿದ್ದನ್ನು ತಿಳಿಸಬೇಕಾಗಿಲ್ಲ.

ದೇವಿಕೊಪ್ಪದ ಒಬ್ಬ ಮುದುಕಿ ಇಂಥದೊಂದು ಚಿತ್ರಕ್ಕೆ ಕಾದಿದ್ದಾಳೆ. ಹುಟ್ಟುವ ಮೊದಲೇ ಗುಡ್ಡಕ್ಕೆ ಹೋದ ಅಪ್ಪನನ್ನು ಒಮ್ಮೆ ನೋಡಬೇಕಂತೆ. ಎಡಗೈಯಲ್ಲಿ ಸುತ್ತಿಗೆ ಹಿಡಿದವನು ಅವನು. ಇದರಲ್ಲಿ ಸುತ್ತಿಗೆಯವನು ಬಲಗೈಯವನು. ಅಲ್ಲ ಎಂದು ಬರೆದುಬಿಟ್ಟೆ. ಬರೆದ ಮೇಲೆ ನಾಲ್ಕು ದಿನ ತರಗತಿಯಲ್ಲಿ ಹೂಜಿಯ ಚಿತ್ರ ತೆಗೆಯಿಸುತ್ತ ಅದನ್ನೇ ಯೋಚಿಸಿದೆ. ಒಬ್ಬರಿಗೆ ಅಲ್ಲ ಎನ್ನುವುದು ನನಗೆ ಎಷ್ಟು ಸುಲಭವಾಗಿ ಬರುತ್ತದೆ ಎಂಬುದನ್ನು.

ಹಲೀಮಾಬಿಯವರ ಹೊಲಿಗೆ ಯಂತ್ರ ಇನ್ನೂ ಅಂಗಡಿಯ ಬಾಗಿಲ ಬಳಿಯೇ ಇದೆಯೇ?

ಮಡಿವಾಳೆಪ್ಪ


ನವಲಗುಂದ
18 ಜನವರಿ 1984

ಮಾಸ್ತರ,

ನಿನ್ನ ಮೊದಲನೇ ಪತ್ರಕ್ಕ ಎರಡ ಸಲ ಉತ್ತರ ಬರದೆ, ಎರಡೂ ಸಲ ಹರದೆ. ಒಂದರಾಗ ಭಾಳ ಬೈದಿದ್ದೆ, ಇನ್ನೊಂದರಾಗ ಭಾಳ ಮರ್ಯಾದಿ ಕೊಟ್ಟಿದ್ದೆ. ಎರಡೂ ಸುಳ್ಳ ಅನಿಸಿದವು.

ಈ ಸಲ ಬರಿಯಾಕ ಕಾರಣ ಹಲೀಮಾ. ಯಂತ್ರ ಇನ್ನೂ ಬಾಗಲದಾಗ ಐತಿ, ಹೋಗಬರಾವರೆಲ್ಲಾ ಮೊದಲ ಆಕೀಗೆ ಸಲಾಮು ಹೊಡದು ಆಮ್ಯಾಲ ನನ್ನ ಕಡೆ ಬರತಾರ. ನಿನ್ನ ಲಕೋಟಿ ಆಕೀನ ಒಡದಳು. ಫೋಟೋ ತಗದು ನೋಡಿದಾಕಿನ ನಗಾಕ ಚಾಲೂ ಮಾಡಿದಳು.

“ಇದೇನ್ರಿ, ಈ ಸಾಹೇಬನ ಕೋಟಿನ ಮ್ಯಾಲಿನ ಕಿಸೆ ಬಲಕ್ಕ ಹೊಲದಾರ? ಗುಂಡಿ ಸುದ್ದಾ ಹೆಂಗಸರ ಜಂಪರಿಗೆ ಹಚ್ಚಿದಂಗ ಹಚ್ಚ್ಯಾರ. ಇವನ ದರ್ಜಿ ಕುಡದು ಕೂತಿದ್ನೇನು?”

“ವಿಲಾಯತಿ ಫ್ಯಾಶನ್ ಇರಬೇಕು ತಗೊ,” ಅಂದೆ ನಾ.

“ಯಾ ವಿಲಾಯತಿನೂ ಇಲ್ಲ. ಗಂಡಸರ ಕೋಟು ಎಲ್ಲೆ ಹೊಲದ್ರೂ ಕಿಸೆ ಎಡಕ್ಕ. ನಿಮ್ಮ ದೋಸ್ತ ಏನರ ಉಲ್ಟಾ ಮಾಡ್ಯಾರ ನೋಡ್ರಿ.”

ಸ್ಟುಡಿಯೋದಾಗ ಗಿರಾಕಿ ತಲೀ ಬಾಚಿಕೊಳ್ಳೂ ಕನ್ನಡಿ ಮುಂದ ನಿನ್ನ ಫೋಟೋ ಹಿಡದೆ. ಕಿಸೆ ಎಡಕ್ಕ ಬಂತು. ಗುಂಡಿ ಸರಿ ಆದವು. ಮತ್ತ ಕಡೀಕ ನಿಂತಾಂವನ ಸುತಗಿ ಎಡಗೈಗೆ ಬಂತು.

ಮಸೀ ಬದಿ ಕಾಗದಕ್ಕ ಹತ್ತಬೇಕಲೇ. ಮಾರಿಗೆ ಮಾರಿ ಕೊಟ್ಟು. ಅದ ನಾ ಚಹಾ ಬಂದಾಗ ಹೇಳಿದ್ದು. ನೀ ಗಾಜು ಬೋರಲ ಹಾಕೀದಿ, ಅದಕ್ಕ ಮಂಜು, ಅದಕ್ಕ ಎಡಾ ಬಲಾ ಅದಲಿಬದಲಿ. ಡ್ರಾಯಿಂಗ್ ಮಾಸ್ತರ ಆಗಿ ಇಪ್ಪತ್ತ ವರ್ಷಾತು, ಮಂದಿ ಮಾರಿ ನೋಡತಿ, ಅರಿವಿ ನೋಡೂದಿಲ್ಲ. ಆ ಮುದುಕಿಗೆ ಅಲ್ಲ ಅಂತ ಬರದೀದಿ ಅಂದ್ಯಲ್ಲ, ಮೊದಲ ಅದನ್ನ ಸರಿ ಮಾಡು. ನನ್ನ ಮ್ಯಾಲಿನ ಸಿಟ್ಟಿಗೆ ಆಕೀ ಯಾಕ ಕಾಯಬೇಕು? ನಾ ಮೊದಲನೇ ಪತ್ರಕ್ಕ ಒಂದ ಸಾಲು ಉತ್ತರಾ ಬರದಿದ್ರ ಇದು ಆಗತಿರಲಿಲ್ಲ. ಅಷ್ಟು ನನ್ನ ತಪ್ಪು.

ಉಳದದ್ದನ್ನೂ ಬರದುಬಿಡತೀನಿ, ಮತ್ತ ಬರಿಯಾಕ ಆಗೂದಿಲ್ಲ. ನಿನ್ನ ಎಂಟು ಪ್ಲೇಟು ತೊಳದಾಂವ ನಮ್ಮಪ್ಪ. ನಾ ಆವತ್ತ ಊರಾಗ ಇರಲಿಲ್ಲ. ಲಗ್ನದ ಸೀಜನ್, ದೇವರ ಫೋಟೋಕ್ಕ ಕಟ್ಟು ಹಾಕಸಾಕ ಪಾಳಿ ಹಚ್ಚಿದ್ದರು, ಗಾಜು ತೀರಿತ್ತು. ನಮ್ಮ ಕಸಬಿನಾಗ ಹಳೇ ಪ್ಲೇಟು ಅಂದ್ರ ಸೋಡಾದಾಗ ನೆನಸಿ ಮಸಿ ತಗದು ಕಟ್ಟಿಗೆ ಹಾಕೂ ಗಾಜು. ಅಪ್ಪ ಐವತ್ತ ವರ್ಷ ಅದನ್ನ ಮಾಡಿದ್ದ. ಅದು ನಿನಗೂ ಗೊತ್ತಿತ್ತು. ಗಿರಾಕಿ ಮುಂದ ನಿಂತು “ಗಾಜು ಮಾರೂ ಮಂದಿಗೆ ಏನ ತಿಳೀತದ” ಅಂದಿ. ನನಗ ಅಂದಿದ್ರ ನಾ ಎರಡು ಬೈದು ಚಹಾ ತರಸತಿದ್ದೆ. ನಮ್ಮಪ್ಪಗ, ಮಾಬುಸಾಬಗ ಅಂದಿ.

ಆಮ್ಯಾಲ ಆರು ತಿಂಗಳು ಇದ್ದ ಅಪ್ಪ. ಆ ಆರು ತಿಂಗಳೂ ಕಟ್ಟು ಹಾಕೂ ಮೊದಲ ಒಂದೊಂದು ಗಾಜನ್ನ ಬಾಗಲಕ್ಕ ಒಯ್ದು ಬೆಳಕಿಗೆ ಹಿಡದು ನೋಡತಿದ್ದ. ಪೇಟ್ಯಾಗಿಂದ ತಂದ ಹೊಸಾ ಗಾಜನ್ನೂ. “ಯಾರರ ಇದ್ದಾರೇನು ನೋಡ್ತೀನಿ ತಡಿ,” ಅಂತಿದ್ದ. ಕಣ್ಣು ಪೂರಾ ಕಾಣತಿರಲಿಲ್ಲ.

ಮಣ್ಣಿಗೆ ನೀ ಬರತಿ ಅಂತ ಹಾದಿ ನೋಡಿದೆವು.

ಪ್ಲೇಟು ತಗೊಂಡು ಬಾ. ಅರಿವ್ಯಾಗ ಸುತ್ತಿ ತಾ, ಬಸ್ಸಿನ್ಯಾಗ ತೊಡಿಮ್ಯಾಲ ಇಟಗೊ.

ಇಮಾಮಹುಸೇನ


ಸಂಶಿ
24 ಜನವರಿ 1984

ದುರ್ಗವ್ವನವರಿಗೆ,

ಹಿಂದಿನ ಪತ್ರದಲ್ಲಿ ನಾನು ಬರೆದದ್ದು ತಪ್ಪು. ಗಾಜನ್ನು ಬೋರಲು ಹಾಕಿ ಇಳಿಸಿದ್ದರಿಂದ ಕನ್ನಡಿಯಲ್ಲಿ ಕಂಡಂತೆ ಎಡ ಬಲ ತಿರುಗಿ ಬಂದಿತ್ತು. ಸುತ್ತಿಗೆಯವನು ಎಡಚ. ತಪ್ಪನ್ನು ಕಂಡುಹಿಡಿದದ್ದು ನವಲಗುಂದದ ಹಲೀಮಾಬಿ ಎಂಬುವರು, ಬಟ್ಟೆ ಹೊಲಿಯುತ್ತಾರೆ. ಅವರ ಗಂಡ ಇಮಾಮಹುಸೇನ ಮತ್ತೊಮ್ಮೆ ಸರಿಯಾಗಿ ಇಳಿಸಿಕೊಡುತ್ತಾರೆ. ಅದನ್ನು ತೆಗೆದುಕೊಂಡು ನಾನೇ ದೇವಿಕೊಪ್ಪಕ್ಕೆ ಬರುತ್ತೇನೆ.

ಒಂದು ಮಾತು ಮೊದಲೇ ಹೇಳುವುದು ಒಳ್ಳೆಯದು. ಕೈ ಸಿಕ್ಕಿದೆ, ಮುಖ ಸಿಕ್ಕಿಲ್ಲ. ಅವರು ಅಲುಗಾಡಿದ್ದನ್ನು ಯಾವ ಪ್ರಿಂಟೂ ಸರಿಪಡಿಸಲಾರದು. ನೀವು ನೋಡಬೇಕೆಂದಿದ್ದು ಮುಖವನ್ನು. ಅದನ್ನು ತರಲಾರೆನಲ್ಲ ಎಂಬ ಸಂಕೋಚ ನನಗಿದೆ.

ಮಡಿವಾಳೆಪ್ಪ

(ತಿರಕಪ್ಪನವರೇ, ಕೊನೆಯ ನಾಲ್ಕು ಸಾಲನ್ನು ನಿಧಾನವಾಗಿ ಓದಿರಿ.)


ಸಂಶಿ
27 ಫೆಬ್ರುವರಿ 1984

ಇಮಾಮಹುಸೇನ,

ನಿನ್ನೆ ಭಾನುವಾರ ದೇವಿಕೊಪ್ಪಕ್ಕೆ ಹೋಗಿ ಬಂದೆ. ನೀನು ಹೊಸದಾಗಿ ಇಳಿಸಿ ಕಟ್ಟು ಹಾಕಿಕೊಟ್ಟ ಚಿತ್ರವನ್ನು, ಪ್ಲೇಟಿಗೆ ಹೇಳಿದ್ದಂತೆಯೇ, ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಕಲಘಟಗಿಯಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರ್, “ಯಾ ದೇವರ್ರಿ ಇದು, ಇಷ್ಟ ಜ್ವಾಕಿ ಮಾಡಾಕತ್ತೀರಿ?” ಎಂದ. ಕಟ್ಟನ್ನು ಒತ್ತಿ ಹಿಡಿದು ಬಸ್ಸು ಹತ್ತಿದೆ.

ಅದಕ್ಕೆ ನೀನು ಹಾಕಿದ ಗಾಜಿನ ವಿಷಯ ಅವಳಿಗೆ ಹೇಳಲಿಲ್ಲ. ನನಗೂ ನೀನು ಹೇಳದೇ ಹೋಗಿದ್ದರೆ ಗೊತ್ತಾಗುತ್ತಿರಲಿಲ್ಲ. ನಿನ್ನ ಅಪ್ಪ ತೊಳೆದ ಎಂಟರಲ್ಲಿ ಒಂದು ಉಳಿದಿತ್ತು, ಅದನ್ನೇ ಹಾಕೀನಿ ಎಂದು ನೀನು ಮೊಳೆ ಹೊಡೆಯುತ್ತ ಅಂದೆ. ನಾನು ಆ ಗಾಜನ್ನು ಬಸ್ಸಿನ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದೆ. ಒಂದು ಗೆರೆಯೂ ಇಲ್ಲ. ಅವರ ಕೈ ಅಷ್ಟು ಚೊಕ್ಕ.

ದುರ್ಗವ್ವ ಅಂಗಳದಲ್ಲಿ ಕೂತಿದ್ದಳು. ಪಕ್ಕದಲ್ಲಿ ತಿರಕಪ್ಪ, ರಜೆಯ ದಿನವೂ ಖಾಕಿ ತೊಟ್ಟು. ನನ್ನನ್ನು ನೋಡಿದ ಕೂಡಲೇ ಅವನು, “ಬರ್ರಿ, ಬರ್ರಿ. ಮುಂಜಾನಿಂದ ಆರ ಸಲ ರಸ್ತಾದ ಮ್ಯಾಲ ಹೋಗಿ ನೋಡಿ ಬಂದೆ. ನೀವು ಬರದಿದ್ರ ಇವತ್ತ ನನ್ನ ಊಟಾ ಇರಲಿಲ್ಲ,” ಎಂದ.

“ನಿನ್ನ ಊಟದ ಮಾತು ಬಿಡಲೇ,” ಎಂದಳು ಅವಳು. “ಎಲ್ಲೆ ಐತಿ?”

ಕೊಟ್ಟೆ. ಬಿಸಿಲಿಗೆ ತಿರುಗಿ ಕೂತು, ಕಟ್ಟನ್ನು ಬಲಗಣ್ಣಿನ ಹತ್ತಿರ, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ತಂದಳು. ಒಂದು ತುದಿಯಿಂದ ಸರಿಸುತ್ತ ಹೋದಳು, ಸಾಲು ಓದುವವರ ಹಾಗೆ. ಬುಟ್ಟಿಯವರು ಹೋದರು, ಗಾಡಿಯವರು ಹೋದರು, ಸಾಹೇಬ ಹೋದ.

“ಇವರ್ಯಾಕ ಎಲ್ಲಾರೂ ಸತ್ತವರಂಗ ನಿಂತಾರ?”

“ಅಲುಗಾಡಬಾರದು ಅಂತ ಹೇಳಿರತಾರವ್ವ. ಅಲುಗಾಡಿದ್ರ ಮುಖ ಅಳಿಸಿ ಹೋಗತದ.”

“ಇಂವಂದು ಅಳಿಸೇತಿ.”

“ಹೌದು. ಅವರೇ.”

ಕಟ್ಟನ್ನು ಅಲ್ಲೇ ಹಿಡಿದು ನೋಡುತ್ತ ಕೂತಳು. ಸಮಾಧಾನದ ಮಾತು ಒಂದೆರಡನ್ನು ದಾರಿಯಲ್ಲೇ ಸಿದ್ಧಮಾಡಿಕೊಂಡಿದ್ದೆ. ಮುಖ ಇಲ್ಲದಿದ್ದರೂ ನಿಲುವು ಇದೆ, ತೋಳು ಇದೆ ಎಂದು ಶುರುಮಾಡಿದೆ. ಅವಳು ಕೈಯೆತ್ತಿ ತಡೆದಳು.

“ಯಾ ಕಡೆ?”

ನನಗೆ ಅರ್ಥವಾಗಲಿಲ್ಲ.

“ಯಾ ಕಡೆ ಅಳ್ಳಾಡ್ಯಾನ ಹೇಳ್ರಿ ಮಾಸ್ತರ. ನನ್ನ ಕಣ್ಣಿಗೆ ಹೊಗಿ ಕಂಡಂಗ ಕಾಣತೈತಿ.”

ಇಮಾಮ, ಮೂರು ತಿಂಗಳು ಆ ಚಿತ್ರವನ್ನು ನೋಡಿದ್ದೇನೆ. ಅಳತೆ ಹಿಡಿದಿದ್ದೇನೆ, ಭೂತಗನ್ನಡಿ ಹಿಡಿದಿದ್ದೇನೆ. ಕೆಟ್ಟ ಭಾಗ ಎಂದು ಆ ಮುಖವನ್ನು ಬಿಟ್ಟು ಉಳಿದದ್ದನ್ನೆಲ್ಲ ನೋಡಿದ್ದೇನೆ. ಆಗ ಬಾಗಿ ಅವಳ ಭುಜದ ಮೇಲಿಂದ ನೋಡಿದೆ. ಅಲ್ಲಿ ಎರಡು ಮುಖಗಳಿವೆ. ಒಂದು ತೆಳ್ಳಗೆ, ಕ್ಯಾಮೆರಾ ಪೆಟ್ಟಿಗೆಯ ಕಡೆ. ಇನ್ನೊಂದು ಅದಕ್ಕಿಂತ ಗಟ್ಟಿಯಾಗಿ, ಪಕ್ಕಕ್ಕೆ. ಅಂದರೆ ತಿರುಗಿದ ಮೇಲೆ ಅವನು ಅಲ್ಲೇ ನಿಂತಿದ್ದಾನೆ. ಮೂರು ಎಣಿಸುವ ಹೊತ್ತಿನಲ್ಲಿ ಎರಡು ಎಣಿಕೆಯಷ್ಟು ಆ ಕಡೆಗೇ.

“ಬೇಲಿ ಕಡೆ,” ಎಂದೆ. “ಅಂಚಿನಲ್ಲಿ ಒಂದು ಗಿಡ ಅದ. ಅದರ ಕಡೆ.”

“ಯಾ ಗಿಡ?”

ಅದು ನನಗೆ ಗೊತ್ತಿರಲಿಲ್ಲ. ತಿರಕಪ್ಪ ಕನ್ನಡಕ ಒರೆಸಿ ಹಾಕಿಕೊಂಡು, ಕಟ್ಟನ್ನು ಅವಳ ಕೈಯಿಂದ ಕಿತ್ತುಕೊಳ್ಳುವುದೊಂದು ಬಾಕಿ, ಬಗ್ಗಿ ನೋಡಿದ. “ಹುಣಸೀದು,” ಎಂದ. “ನಮ್ಮ ಹೊಲದ ಬದುವಿನ್ಯಾಗ ಐವತ್ತ ವರ್ಷದಿಂದ ನೋಡಾಕತ್ತೀನಿ. ಹುಣಸೀದ ಬೇ, ಬೇಕಾದ್ರ ಬರದುಕೊಡತೀನಿ.”

ಅವಳು ಅಳುತ್ತಾಳೆಂದು ಕಾದೆ. ಅಳಲಿಲ್ಲ. ಸೆರಗಿನಿಂದ ಗಾಜಿನ ಮೇಲೆ ತನ್ನ ಉಸಿರು ಕೂತಿದ್ದನ್ನು ಒರೆಸಿದಳು.

“ಅವತ್ತ ಎಂಟೂ ಮಂದಿ ಕಿವಿಗೆ ಬಿದ್ದಿರಬೇಕು,” ಎಂದಳು. “‘ಇಲ್ಲೆ ನೋಡ್ರಿ’ ಅಂದ್ರ ಯಾರರ ನೋಡಬಹುದಿತ್ತು. ಎಲ್ಲಾರಿಗೂ ಹೆಂಡಿರು ಇದ್ದರು. ಒಬ್ಬಾಂವ ನೋಡ್ಯಾನ. ಸಾಹೇಬ ಅಳ್ಳಾಡಬ್ಯಾಡ ಅಂದ್ರೂ ನೋಡ್ಯಾನ.” ಕಟ್ಟನ್ನು ಮಡಿಲಿಗೆ ಇಳಿಸಿ, “ಅವ್ವನ್ನ ಅಷ್ಟ್ರಾಗ ದಬ್ಬಿದ್ದರು,” ಎಂದಳು.

ನನಗೆ ಹೇಳಲು ಬೇರೆ ಮಾತುಗಳಿದ್ದವು. ನೊಣ ಕೂತಿರಬಹುದು. ಗುಡ್ಡದಲ್ಲಿ ಎಷ್ಟು ಬೇಲಿಗಳು, ಎಷ್ಟು ಹುಣಸೆಗಿಡಗಳು, ಎಷ್ಟು ಎಡಚರು. ಪೆಟ್ಟಿಗೆ ಹೊತ್ತವನು ಒಂದೇ ಸಲ ಬಂದಿದ್ದನೆಂದು ಯಾರು ಹೇಳಬಲ್ಲರು? ನಾನು ಕೂಡಿಸುವವನು, ಅನುಮಾನವೂ ಆ ಕೆಲಸದ ಒಂದು ಭಾಗ. ಬಾಯಿ ತೆರೆದೆ ಕೂಡ. ಆದರೆ ಅಲ್ಲ ಎಂದು ಅವಳಿಗೆ ಒಮ್ಮೆ ಬರೆದು ತಪ್ಪಿದ್ದೆ. ಮೇಲಾಗಿ, ಆ ಮುಖವನ್ನು ಕೆಟ್ಟದ್ದೆಂದು ನೋಡದೆ ಬಿಟ್ಟವನು ನಾನು, ನೋಡಿದವಳು ಅವಳು. ಬಾಯಿ ಮುಚ್ಚಿ ಅವಳು ಕೊಟ್ಟ ಚಹಾ ಕುಡಿದೆ.

ಮರಳಿ ಬರುವಾಗ ಬಸ್ಸಿನಲ್ಲಿ ಹೊಳೆದದ್ದನ್ನು ಬರೆಯುತ್ತೇನೆ. ನವಲಗುಂದದಲ್ಲಿ ನಿನ್ನ ಎದುರು ಎರಡು ದಿನ ಕೂತಿದ್ದಾಗ ಬಾಯಿಗೆ ಬರಲಿಲ್ಲ. ಕಾಗದದ ಮೇಲೆ ಬರಬಹುದು.

ಮೂರು ವರ್ಷದ ಹಿಂದೆ, ನಿನ್ನ ಅಪ್ಪ ತೀರಿಹೋದ ಮರುವರ್ಷ, ಅಣ್ಣಿಗೇರಿ ಬಸ್ ಸ್ಟ್ಯಾಂಡಿನಲ್ಲಿ ಗದಗದ ಬಸ್ಸಿಗೆ ನಿಂತಿದ್ದೆ. ನೀನು ಆಚೆ ಕಡೆಯ ಹಣ್ಣಿನ ಗಾಡಿಯ ಬಳಿ ಇದ್ದೆ. ನೀನು ನನ್ನ ಹೆಸರು ಹಿಡಿದು ಕೂಗಿದೆ. ಎರಡು ಸಲ. ಕೇಳಲಿಲ್ಲ ಎಂದು ನೀನು ತಿಳಿದಿರಬೇಕು. ಕೇಳಿತ್ತು. ಯಾರೂ ನನ್ನನ್ನು ನಿಲ್ಲಿಸಿರಲಿಲ್ಲ, ಯಾವ ಪೆಟ್ಟಿಗೆಯೂ ಎದುರಿಗಿರಲಿಲ್ಲ. ಆದರೂ ನಾನು ಅಲುಗಾಡದೆ ನಿಂತಿದ್ದೆ. ಆ ಮೂರು ಎಣಿಕೆಯ ಚಿತ್ರವನ್ನು ಯಾರಾದರೂ ತೆಗೆದಿದ್ದರೆ ನನ್ನ ಮುಖ ಅಗದಿ ಸ್ಪಷ್ಟವಾಗಿ ಬಂದಿರುತ್ತಿತ್ತು.

ಬರುವ ಭಾನುವಾರ ನವಲಗುಂದಕ್ಕೆ ಬರುತ್ತೇನೆ. ಅಂಗಡಿಗಲ್ಲ. ಮಾಬುಸಾಬರನ್ನು ಮಣ್ಣು ಮಾಡಿದ ಜಾಗ ತೋರಿಸು. ಅದಾದ ಮೇಲೆ ಕೆಲಸವಿದೆ: ಅವರು ಕಟ್ಟು ಹಾಕಿದ ಮನೆಗಳ ಪಟ್ಟಿ ಹಲೀಮಾಬಿಯವರಿಗೆ ನೆನಪಿದೆಯಂತೆ. ಎಲ್ಲ ಗಾಜುಗಳ ಮಸಿಯೂ ಪೂರಾ ಹೋಗಿರಲಾರದು. ಮನೆಮನೆಗೆ ಹೋಗಿ ಒಂದೊಂದನ್ನು ಬೆಳಕಿಗೆ ಹಿಡಿದು ನೋಡೂಣು. ಮಾತು ನೀನು ಆಡು. ನನಗೆ ಆ ಕಲೆ ಬರುವುದಿಲ್ಲ ಎಂದು ನಿನಗೆ ಗೊತ್ತು.

ಹಲೀಮಾಬಿಯವರಿಗೆ ಸಲಾಮು. ದುರ್ಗವ್ವ ಅವರಿಗೆ ಒಂದು ಸೇರು ಅಲಸಂದಿ ಕಳಿಸಿದ್ದಾಳೆ. “ಕೋಟು ನೋಡಿದಾಕಿಗೆ,” ಎಂದು.

ನಿನ್ನ
ಮಡಿವಾಳೆಪ್ಪ

ತಾ.ಕ.: ಹೊರಡುವಾಗ ಕಂಡದ್ದನ್ನು ಬರೆಯದೆ ಮುಗಿಸಿಬಿಟ್ಟಿದ್ದೆ. ಚಿತ್ರವನ್ನು ಎಲ್ಲಿ ತೂಗುಹಾಕೋಣ, ಮೊಳೆ ಹೊಡೆಯಲೇ ಎಂದು ತಿರಕಪ್ಪ ಕೇಳುತ್ತಿದ್ದ. ಅವಳು ಅದನ್ನು ಎತ್ತಿಕೊಂಡು ಒಳಗೆ ಹೋದಳು. ಅವಳ ತಾಯಿ ಮೈಲಾರವ್ವನ ಚಿತ್ರ ಆ ಮನೆಯಲ್ಲಿ ಇಲ್ಲ. ಆ ತಾಯಿ ಹಳೆಯ ಬಟ್ಟೆ ಜೋಡಿಸಿ ಹೊಲಿದ ಒಂದು ಕೌದಿ ಇದೆ. ಅದನ್ನು ನಾಲ್ಕು ಮಡಿಕೆ ಮಾಡಿ ಟ್ರಂಕಿನ ಮೇಲೆ ಇಟ್ಟಿದ್ದಾರೆ. ದುರ್ಗವ್ವ ಕಟ್ಟನ್ನು ಒಯ್ದು ಆ ಕೌದಿಗೆ ಎದುರಾಗಿ, ಗಾಜಿನ ಬದಿ ಅದರ ಕಡೆ ಮಾಡಿ ನಿಲ್ಲಿಸಿದಳು. ನಾವು ಬಾಗಿಲಲ್ಲಿ ಇದ್ದದ್ದು ಅವಳಿಗೆ ಕಾಣುತ್ತಿರಲಿಲ್ಲ. ಕೌದಿಯ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದಳು:

“ಯವ್ವಾ, ಹೆಸರ ಬೇಕಾಗಿರಲಿಲ್ಲಲ್ಲ ಬೇ?”